ನಮ್ಮ ಗಾಳಿಯನ್ನು ಅಳೆಯುವವರು ಬೇಕು: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ ವಾಯುಮಂಡಲ ವಿಜ್ಞಾನದ ದಾರಿ

ನಮ್ಮ ಮೂರು ಜಿಲ್ಲೆಗಳಲ್ಲಿ ಧೂಳಿಗೆ ಮೂರು ಬಣ್ಣ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು. ಕೊಪ್ಪಳದ ಗಿಣಿಗೇರಿ, ಹಿರೇಬಗನಾಳ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು. ಶಕ್ತಿನಗರ, ಕುಡಿತಿನಿ ಕಡೆ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳ ಹಾರುಬೂದಿಯ ಬೂದು. ಅಂಗಳ ಗುಡಿಸುವಾಗ, ಮಾಳಿಗೆ ಮೇಲೆ ಒಣಹಾಕಿದ ಬಟ್ಟೆ ಮಡಚುವಾಗ, ಹತ್ತಿ ಬಿಡಿಸುವಾಗ ಇದು ಎಲ್ಲರ ಕೈಗೂ ಹತ್ತುತ್ತದೆ. ಕೈಗೆ ಹತ್ತದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವು ಎಷ್ಟಿವೆ, ಎಲ್ಲಿಂದ ಬಂದವು, ಯಾವ ಹೊತ್ತಿನಲ್ಲಿ ಏರಿದವು ಎಂದು ಲೆಕ್ಕ ಹಾಕಿ ಹೇಳಬಲ್ಲವರು ನಮ್ಮಲ್ಲಿ ತೀರ ಕಡಿಮೆ. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಅಂಥ ಹೊತ್ತಿನಲ್ಲಿ ಎರಡೂ ಕಡೆಯವರು ಒಪ್ಪಲೇಬೇಕಾದ ಅಳತೆಯನ್ನು ಮುಂದಿಡಲು ಈ ನೆಲದ ಮಕ್ಕಳೇ ತಯಾರಾಗಬೇಕು ಎಂಬುದು ನನ್ನ ಆಸೆ. ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ಪಿಯುಸಿ ಮತ್ತು ಬಿಎಸ್ಸಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸ ಎಂಥದು

ಒಣಗಾಳಿಯಲ್ಲಿ ಸುಮಾರು ಶೇ 78 ಸಾರಜನಕ, ಶೇ 21 ಆಮ್ಲಜನಕ, ಶೇ 0.93 ಆರ್ಗಾನ್. ಉಳಿದ ಚೂರುಪಾಲಿನಲ್ಲೇ ಕಾರ್ಬನ್ ಡೈಆಕ್ಸೈಡ್, ಮೀಥೇನ್, ಓಝೋನ್, ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳೆಲ್ಲ ಇರುವುದು. ಅದರ ಜತೆಗೆ ತೇಲುವ ಕಣಗಳು. ವಾಯುಮಂಡಲದ ಸಂಯೋಜನೆಯನ್ನು ಓದುವವರ ಜಗತ್ತು ಈ ಚೂರುಪಾಲಿನದು. ಇಷ್ಟು ಅಲ್ಪ ಪ್ರಮಾಣದ ವಸ್ತು ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಓಝೋನ್ ಕಥೆ ಸಾಕು. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಮೇಲಿನ ಓಝೋನ್ ಪದರವನ್ನು ಸವೆಸುತ್ತವೆ ಎಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರದ ವರದಿ ಬಂತು, 1987ರಲ್ಲಿ ಆ ರಾಸಾಯನಿಕಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದ ಆಯಿತು. ಪಾಲ್ ಕ್ರುಟ್ಜನ್ ಅವರೊಂದಿಗೆ ಆ ಇಬ್ಬರಿಗೆ 1995ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ದೇಶದಲ್ಲಿ ಓಝೋನ್ ಅಳತೆಗೆ ಉಪಕರಣಗಳನ್ನು ಕಟ್ಟಿದ ಅಣ್ಣಾ ಮಣಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಅವರ ಬಳಿ ದುಡಿದವರು, ಆಮೇಲೆ ಹವಾಮಾನ ಇಲಾಖೆ ಸೇರಿದವರು. ಹೆಣ್ಣುಮಕ್ಕಳು ಅವರ ಬಗ್ಗೆ ತಪ್ಪದೆ ಓದಿಕೊಳ್ಳಿ.

ಇದರಲ್ಲಿ ಸ್ಥೂಲವಾಗಿ ಮೂರು ಬಗೆಯ ಜನ ಇದ್ದಾರೆ. ಯಂತ್ರ ಹೊತ್ತು ಊರೂರಿಗೆ ಹೋಗಿ ಅಳೆಯುವವರು. ಸಂಗ್ರಹಿಸಿದ ಧೂಳಿನಲ್ಲಿ ಯಾವ ಲೋಹ, ಯಾವ ಲವಣ, ಎಷ್ಟು ಮಸಿ ಇದೆಯೆಂದು ಪ್ರಯೋಗಾಲಯದಲ್ಲಿ ಬಿಡಿಸುವವರು. ಹೊಗೆ ಎತ್ತ ಹರಡುತ್ತದೆ, ದಾರಿಯಲ್ಲಿ ಏನಾಗಿ ಬದಲಾಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳಲ್ಲಿ ಲೆಕ್ಕ ಹಾಕುವವರು. ಒಳ್ಳೆಯ ವಿಜ್ಞಾನಿಗೆ ಒಂದರಲ್ಲಿ ಪಳಗಿದ ಕೈ ಇರುತ್ತದೆ, ಉಳಿದೆರಡರ ಭಾಷೆ ಗೊತ್ತಿರುತ್ತದೆ.

ಮೊದಲ ಹೆಜ್ಜೆ: ಗಣಿತ ಬಿಡಬೇಡಿ

ಕುರುಗೋಡು ಕಡೆಯ ರೈತರೊಬ್ಬರು ಮಗನ ಅಡ್ಮಿಷನ್ನಿಗೆ ಬಂದಾಗ ಕೇಳಿದ್ದರು: "ಸರ, ಪರಿಸರ ಅಂದ್ರ ಗಿಡ ಹಚ್ಚೂದಲ್ಲೇನ್ರಿ? ಅದಕ್ಕ ಗಣಿತ ಯಾಕ ಬೇಕ್ರಿ?" ನಾನು ಹೇಳಿದೆ: "ಯಜಮಾನ್ರ, ಚಿಮಣಿ ಹೊಗಿ ಯಾವ ಊರ ಮ್ಯಾಲ ಬೀಳತದ ಅಂತ ಹೇಳಬೇಕಂದ್ರ ಗಣಿತಾನ ಬೇಕ್ರಿ." ಅವರು ಅರ್ಥ ಮಾಡಿಕೊಂಡರು. ಎಷ್ಟೋ ಮಕ್ಕಳು ಮಾತ್ರ ಈ ಮಾತನ್ನು ಎಂ.ಎಸ್ಸಿಗೆ ಬಂದ ಮೇಲೆ ಕೇಳುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲಿ. ನಾಲ್ಕನೆಯದು ಜೀವಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ, ನಿಮಗೆ ಬಿಟ್ಟದ್ದು. ಪದವಿಯಲ್ಲಿ ನೇರವಾಗಿ ಪರಿಸರ ವಿಜ್ಞಾನ ತೆಗೆದುಕೊಳ್ಳುವ ಬದಲು ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಬಿಎಸ್ಸಿ ಮಾಡಿ ಎಂಬುದು ನನ್ನ ಖಚಿತ ಸಲಹೆ. ಬುನಾದಿ ಗಟ್ಟಿ ಇದ್ದವರು ಪರಿಸರದ ವಿಷಯವನ್ನು ಆಮೇಲೆ ಬೇಗ ಹಿಡಿಯುತ್ತಾರೆ. ಕಲನಶಾಸ್ತ್ರ ಬಿಟ್ಟವರು ವಾಯುಮಂಡಲದ ಚಲನೆಯ ಪುಸ್ತಕ ತೆರೆದಾಗ ಮೊದಲ ಅಧ್ಯಾಯದಲ್ಲೇ ನಿಲ್ಲುತ್ತಾರೆ. ಕೆಮಿಕಲ್, ಸಿವಿಲ್, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರಿಗೂ ಬಾಗಿಲು ತೆರೆದಿದೆ.

ಕನ್ನಡ ಮಾಧ್ಯಮದವರು ಅಂಜಬೇಡಿ. ಆದರೆ ಮುಂದಿನ ಓದು, ಪರೀಕ್ಷೆ, ಪ್ರಬಂಧ ಎಲ್ಲವೂ ಇಂಗ್ಲಿಷಿನಲ್ಲೇ. ದಿನಕ್ಕೊಂದು ಪುಟ ವಿಜ್ಞಾನದ ಇಂಗ್ಲಿಷ್ ಓದಿ, ಓದಿದ್ದನ್ನು ಕನ್ನಡದಲ್ಲಿ ಗೆಳೆಯರಿಗೆ ವಿವರಿಸಿ. ವಿವರಿಸಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ.

ಎರಡನೆಯ ಹೆಜ್ಜೆ: ಪದವಿ ಮುಗಿಯುವುದನ್ನು ಕಾಯದೆ ಅಂಕಿಅಂಶಕ್ಕೆ ಕೈ ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಇದಕ್ಕೆ ದುಡ್ಡು ಬೇಕಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್ ಅಥವಾ ಕಾಲೇಜಿನ ಕಂಪ್ಯೂಟರ್ ಕೋಣೆ, ಜತೆಗೆ ಇಂಟರ್‌ನೆಟ್ ಇದ್ದರೆ ಸಾಕು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಅಳತೆ ಕೇಂದ್ರಗಳ ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೊಪ್ಪಳದ ದಿವಟರ್ ನಗರದ ಕೇಂದ್ರವೂ ಅದರಲ್ಲಿದೆ. ಮೊಬೈಲಿನ ಸಮೀರ್ ಆ್ಯಪ್‌ನಲ್ಲಿ ಕಾಣುವುದು ಗಾಳಿಯ ಗುಣಮಟ್ಟದ ಸೂಚ್ಯಂಕ. ಜನಸಾಮಾನ್ಯರಿಗೆ ಅದು ಒಳ್ಳೆಯದು, ವಿಜ್ಞಾನಕ್ಕೆ ಸಾಲದು. ನೀವು ಗಂಟೆವಾರು ಪಿಎಂ 2.5, ಪಿಎಂ 10 (ಅಂದರೆ 2.5 ಮತ್ತು 10 ಮೈಕ್ರಾನ್‌ವರೆಗಿನ ಗಾತ್ರದ ತೇಲುಕಣಗಳು), ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಓಝೋನ್ ಪ್ರಮಾಣಗಳನ್ನೇ ಇಳಿಸಿಕೊಳ್ಳಿ. ಒಂದು ವರ್ಷದ್ದು ಸಾಕು.

ಮೊದಲು ಅಂಕಿಗಳನ್ನು ಶುಚಿ ಮಾಡಬೇಕು. ಒಂದೇ ಸಂಖ್ಯೆ ಗಂಟೆಗಟ್ಟಲೆ ಅಲುಗದೆ ನಿಂತಿದ್ದರೆ ಯಂತ್ರ ಕೆಟ್ಟಿತ್ತೆಂದು ಅನುಮಾನಿಸಿ. ಪಿಎಂ 2.5ರ ಅಂಕಿ ಪಿಎಂ 10ಕ್ಕಿಂತ ದೊಡ್ಡದಿದ್ದರೆ ತಪ್ಪಿದೆ, ಏಕೆಂದರೆ ಮೊದಲನೆಯದು ಎರಡನೆಯದರ ಒಳಗೇ ಸೇರಿರುತ್ತದೆ. ಖಾಲಿ ಬಿಟ್ಟ ದಿನಗಳನ್ನು ಎಣಿಸಿ. ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಇದನ್ನು ಮಾಡಲು ಕಲಿತರೆ ಎಂ.ಎಸ್ಸಿಯಲ್ಲಿ ಕಲಿಯುವುದರ ಅರ್ಧ ಇಲ್ಲೇ ಮುಗಿಯುತ್ತದೆ. ಎಕ್ಸೆಲ್‌ನಲ್ಲಿ ಶುರು ಮಾಡಿದರೂ ಅಡ್ಡಿಯಿಲ್ಲ.

ಆಮೇಲೆ ದಿನದ ಇಪ್ಪತ್ನಾಲ್ಕು ಗಂಟೆಗಳ ಸರಾಸರಿ ಗ್ರಾಫ್ ಎಳೆಯಿರಿ. ಡಿಸೆಂಬರ್, ಜನವರಿಯದ್ದು ಒಂದು. ಏಪ್ರಿಲ್, ಮೇ ತಿಂಗಳದ್ದು ಒಂದು. ಜುಲೈ, ಆಗಸ್ಟ್‌ನದು ಒಂದು. ಚಳಿಗಾಲದ ಬೆಳಗಿನ ಏರಿಕೆ ಏಕೆ ಅಷ್ಟು ಎತ್ತರ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ಮೇಲೆ ಬೆಚ್ಚಗಿನ ಗಾಳಿ ಅಗೋಚರ ಮುಚ್ಚಳದಂತೆ ಕೂರುತ್ತದೆ. ಹೊಗೆ ಕೆಳಗಿನ ಕೆಲವೇ ನೂರು ಮೀಟರಿನಲ್ಲಿ ಸುತ್ತುತ್ತದೆ. ಬೇಸಿಗೆಯ ಮಧ್ಯಾಹ್ನ ರಾಯಚೂರಿನ ಬಿಸಿಲಿಗೆ ಹೊಗೆ ಬೆರೆಯುವ ಈ ಕೆಳಗಿನ ಪದರ ಎರಡು ಮೂರು ಕಿಲೋಮೀಟರ್ ಎತ್ತರಕ್ಕೆ ಉಬ್ಬುತ್ತದೆ. ಚಿಮಣಿ ಬಿಟ್ಟ ಹೊಗೆ ಅಷ್ಟೇ ಇದ್ದರೂ ಉಸಿರಾಡುವ ಗಾಳಿಯಲ್ಲಿ ಅದರ ಸಾಂದ್ರತೆ ಬೇರೆಬೇರೆ. "ರಾತ್ರಿ ಹೊತ್ತು ಹೊಗಿ ಜಾಸ್ತಿ ಬಿಡ್ತಾರ" ಎಂದು ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಅದರಲ್ಲಿ ಎಷ್ಟು ಪಾಲು ನಿಜಕ್ಕೂ ಹೆಚ್ಚಿಗೆ ಬಿಟ್ಟ ಹೊಗೆ, ಎಷ್ಟು ಪಾಲು ಗಾಳಿಯ ಈ ಗುಣ? ಎರಡನ್ನೂ ಬಿಡಿಸಿ ತೋರಿಸುವುದು ಒಂದು ಪಿಎಚ್‌ಡಿಗೆ ಸಾಕಾಗುವ ಪ್ರಶ್ನೆ, ಹಳ್ಳಿಯವರಿಗೆ ಉತ್ತರ ಸಿಗಲೇಬೇಕಾದ ಪ್ರಶ್ನೆ.

ಮುಂದಿನದು ಉಪಗ್ರಹ. ಭತ್ತದ ಕೊಯ್ಲಾದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ನಾಸಾದ ಫರ್ಮ್ಸ್ ತಾಣದಲ್ಲಿ ಆ ಬೆಂಕಿಯ ಚುಕ್ಕೆಗಳನ್ನು ಯಾರೂ ನೋಡಬಹುದು. ಉಪಗ್ರಹಗಳಲ್ಲಿ ಕೂರಿಸಿದ ವೀರ್ಸ್ ಉಪಕರಣದ ಒಂದು ಚುಕ್ಕೆ 375 ಮೀಟರ್ ಅಗಲದ ಜಾಗವನ್ನು ತೋರಿಸುತ್ತದೆ. ಆದರೆ ಆ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ಐದಕ್ಕೆ ಹಚ್ಚಿ ಏಳಕ್ಕೆ ಆರಿದ ಬೆಂಕಿ ಅವಕ್ಕೆ ಸಿಗುವುದೇ ಇಲ್ಲ. ನಿಮ್ಮೂರ ಹೊಲಗಳಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಸುಮಾರು ಎಷ್ಟು ಎಕರೆ ಸುಟ್ಟರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ದೊಡ್ಡ ಸಂಸ್ಥೆಯಲ್ಲಿ ಕೂತವರ ಬಳಿಯೂ ಇಲ್ಲದ ಮಾಹಿತಿ ನಿಮ್ಮ ಬಳಿ ಇರುತ್ತದೆ. ಹಳ್ಳಿಯ ವಿದ್ಯಾರ್ಥಿಗಿರುವ ದೊಡ್ಡ ಅನುಕೂಲ ಇದೇ ಎಂದು ನಾನು ತಿಳಿದಿದ್ದೇನೆ.

2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ನೈಟ್ರೋಜನ್ ಡೈಆಕ್ಸೈಡ್ ನಕ್ಷೆಯನ್ನೂ ತೆರೆಯಿರಿ. ರಾಯಚೂರಿನ ಶಕ್ತಿನಗರ, ಯರಮರಸ್ ಮತ್ತು ಬಳ್ಳಾರಿಯ ಕುಡಿತಿನಿ ಉಷ್ಣ ವಿದ್ಯುತ್ ಸ್ಥಾವರಗಳ ಸುತ್ತ ಏನು ಕಾಣುತ್ತದೆ, ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆ ನೋಡಿ. ಗಾಳಿ ಎತ್ತಲಿಂದ ಬಂತೆಂದು ಹಿಂದಕ್ಕೆ ಹೆಜ್ಜೆ ಗುರುತಿಸಲು ಅಮೆರಿಕದ ನೋವಾ ಸಂಸ್ಥೆಯ ಹೈಸ್ಪ್ಲಿಟ್ ಮಾದರಿ ಉಚಿತ. ಜುಲೈಯಲ್ಲಿ ಪಡುವಣದಿಂದ, ಡಿಸೆಂಬರಿನಲ್ಲಿ ಮೂಡಣದ ಕಡೆಯಿಂದ ಗಾಳಿ ಬರುವುದು ಗೆರೆಗಳಲ್ಲಿ ಕಾಣುವಾಗ ಪುಸ್ತಕದ ಮಾನ್ಸೂನ್ ಪಾಠ ಬೇರೆಯೇ ಆಗುತ್ತದೆ.

ಮೂರನೆಯ ಹೆಜ್ಜೆ: ಒಂದು ಶೋಧಕ (ಫಿಲ್ಟರ್) ಹಾಳೆಯನ್ನು ನಿಮ್ಮ ಕೈಯಾರೆ ತೂಗಿ

ಕಂಪ್ಯೂಟರಿನ ಅಂಕಿಗಳ ಹಿಂದೆ ಯಂತ್ರವಿದೆ, ಯಂತ್ರದ ಹಿಂದೆ ಮನುಷ್ಯರ ಕೈಯಿದೆ. ಆ ಕೈಕೆಲಸ ಬಾರದವರು ಅಂಕಿಗಳನ್ನು ನಂಬುವುದರಲ್ಲೂ ಅನುಮಾನಿಸುವುದರಲ್ಲೂ ಎಡವುತ್ತಾರೆ. ಆದ್ದರಿಂದ ಕಾಲೇಜಿನಲ್ಲೋ, ಹತ್ತಿರದ ವಿಶ್ವವಿದ್ಯಾಲಯದಲ್ಲೋ, ಪರೀಕ್ಷಾ ಪ್ರಯೋಗಾಲಯದಲ್ಲೋ ಅವಕಾಶ ಕೇಳಿ ಒಮ್ಮೆಯಾದರೂ ಪಿಎಂ 10 ಮಾದರಿ ಸಂಗ್ರಹವನ್ನು ಮೊದಲಿಂದ ಕೊನೆಯವರೆಗೆ ಮಾಡಿ.

ಗಾಜಿನ ನಾರಿನ ಬಿಳಿ ಹಾಳೆಯನ್ನು ಬೆಳಕಿಗೆ ಹಿಡಿದು ತೂತು, ಬಿರುಕು ಇದೆಯೇ ನೋಡುತ್ತಾರೆ. ಬೆರಳು ತಾಗಿಸುವಂತಿಲ್ಲ, ಬೆರಳಿನ ಎಣ್ಣೆಯೇ ತೂಕ ತಪ್ಪಿಸುತ್ತದೆ, ಚಿಮಟದಲ್ಲೇ ಹಿಡಿಯಬೇಕು. ತೇವ ಹೋಗಲೆಂದು ಒಂದು ದಿನ ಡೆಸಿಕೇಟರ್‌ನಲ್ಲಿಟ್ಟು, ಮಿಲಿಗ್ರಾಮಿನ ಹತ್ತರಲ್ಲೊಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗುತ್ತಾರೆ. ಆಮೇಲೆ ಯಂತ್ರದಲ್ಲಿ ಕೂರಿಸಿ, ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಅದರ ಮೂಲಕ ಹಾಯುವಂತೆ ಮಾಡುತ್ತಾರೆ. ಕರೆಂಟು ಹೋದ ಹೊತ್ತನ್ನು ಬರೆದಿಡಬೇಕು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ತೆಗೆದ ಹಾಳೆಯನ್ನು ಮತ್ತೆ ತೇವ ತೆಗೆದು ತೂಗಿದಾಗ, ಉದಾಹರಣೆಗೆ 0.2376 ಗ್ರಾಂ ಹೆಚ್ಚಿತು ಎನ್ನೋಣ. ಇಪ್ಪತ್ನಾಲ್ಕು ಗಂಟೆಗೆ 1440 ನಿಮಿಷ, ಹಾದ ಗಾಳಿ 1584 ಘನ ಮೀಟರ್. ಭಾಗಿಸಿದರೆ ಘನ ಮೀಟರಿಗೆ 150 ಮೈಕ್ರೋಗ್ರಾಂ. ಭಾರತದ 2009ರ ಮಾನದಂಡದಲ್ಲಿ ಪಿಎಂ 10ಕ್ಕೆ ದಿನದ ಮಿತಿ 100. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ 45. ಪಿಎಂ 2.5ಕ್ಕೆ ನಮ್ಮ ದಿನದ ಮಿತಿ 60, ಅವರದು 15. ಈ ನಾಲ್ಕು ಸಂಖ್ಯೆ ನಿಮಗೆ ಬಾಯಿಪಾಠ ಇರಲಿ.

ಅಗ್ಗದ ಲೇಸರ್ ಸಂವೇದಕಗಳ ಬಗ್ಗೆ ಒಂದು ಎಚ್ಚರಿಕೆ. ಅವು ಕಣದ ಮೇಲೆ ಬೆಳಕು ಚದುರುವುದನ್ನು ನೋಡಿ ಅಂದಾಜು ಹೇಳುತ್ತವೆ. ತೇವ ಹೆಚ್ಚಿದ್ದಾಗ ಕಣಗಳು ಉಬ್ಬಿ, ಅಂಕಿ ಏರುತ್ತದೆ. ಅದಿರು ಲಾರಿಗಳು ಎಬ್ಬಿಸುವ ದಪ್ಪ ಧೂಳನ್ನಂತೂ ಅವು ಸರಿಯಾಗಿ ಹಿಡಿಯುವುದೇ ಇಲ್ಲ. ದಿಲ್ಲಿಯಲ್ಲಿ ಒಪ್ಪುವ ಯಂತ್ರ ಸಂಡೂರಿನಲ್ಲಿ ಗಾಳಿ ಚೆನ್ನಾಗಿದೆ ಎಂದು ಹೇಳಿಬಿಡಬಹುದು. ಪ್ರಮಾಣಿತ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸಿದ ಮೇಲೆಯೇ ಅವುಗಳ ಮಾತು ನಂಬಿ.

ನಾಲ್ಕನೆಯ ಹೆಜ್ಜೆ: ಎಂ.ಎಸ್ಸಿ ಎಲ್ಲಿ, ಯಾವ ಪರೀಕ್ಷೆ

ಭೌತ, ರಸಾಯನ, ಗಣಿತದ ಬಿಎಸ್ಸಿ ಮಾಡಿದವರು ಐಐಟಿಗಳ ಎಂ.ಎಸ್ಸಿಗೆ ಜಾಮ್ ಪರೀಕ್ಷೆ ಬರೆಯಬೇಕು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಭೂಮಿ, ಸಾಗರ, ವಾಯುಮಂಡಲ ವಿಜ್ಞಾನಗಳ ಕೇಂದ್ರವಿದೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಕೊಚ್ಚಿನ್ ವಿಶ್ವವಿದ್ಯಾಲಯ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಪುಣೆ ವಿಶ್ವವಿದ್ಯಾಲಯಗಳಲ್ಲಿ ಹವಾಮಾನ ಮತ್ತು ವಾಯುಮಂಡಲದ ಓದಿಗೆ ಹಳೆಯ ಹೆಸರಿದೆ. ಮನೆಯ ಪರಿಸ್ಥಿತಿ ದೂರ ಕಳಿಸುವಂತಿಲ್ಲದಿದ್ದರೆ ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದಂಥ ಹತ್ತಿರದ ಕಡೆ ಭೌತ ಅಥವಾ ರಸಾಯನಶಾಸ್ತ್ರದ ಎಂ.ಎಸ್ಸಿ ಮಾಡಿ, ಪ್ರಾಜೆಕ್ಟನ್ನು ಮಾತ್ರ ಗಾಳಿಯ ಮೇಲೆ ಇಟ್ಟುಕೊಳ್ಳಿ. ಪಿಎಚ್‌ಡಿಗೆ ಹೋಗಲು ಅದು ಅಡ್ಡಿಯಾಗದು.

ರಾಜ್ಯದ ಸಂಸ್ಥೆಗಳಲ್ಲಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ನಮ್ಮ ಮೂರೂ ಜಿಲ್ಲೆಗಳಿಗೆ ಇದೆ. ಅರ್ಹತಾ ಪ್ರಮಾಣಪತ್ರವನ್ನು ಪಿಯುಸಿಯಲ್ಲಿದ್ದಾಗಲೇ ಮಾಡಿಸಿಡಿ. ಕೇಂದ್ರದ ಸಂಸ್ಥೆಗಳಿಗೆ ಅದು ಅನ್ವಯಿಸದು ಎಂಬುದೂ ತಿಳಿದಿರಲಿ.

ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಫೆಲೋಶಿಪ್ ಕೊಡುತ್ತವೆ. ನಮ್ಮ ಕಡೆಯವರು ಅರ್ಜಿ ಹಾಕುವುದೇ ಕಡಿಮೆ. ಎರಡನೆಯ ಹೆಜ್ಜೆಯಲ್ಲಿ ನೀವು ಎಳೆದ ಗ್ರಾಫ್‌ಗಳು ಅರ್ಜಿಯ ಜತೆ ಹೋದರೆ ಅಂಕಪಟ್ಟಿಗಿಂತ ಜೋರಾಗಿ ಮಾತಾಡುತ್ತವೆ.

ಐದನೆಯ ಹೆಜ್ಜೆ: ಪಿಎಚ್‌ಡಿ

ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಭೂಮಿ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನಗಳಿಗೆ ಪ್ರತ್ಯೇಕ ಪತ್ರಿಕೆಯಿದೆ. ಭೌತ, ರಸಾಯನ ಪತ್ರಿಕೆಗಳಲ್ಲಿ ಗೆದ್ದವರನ್ನೂ ಈ ಕ್ಷೇತ್ರದವರು ತೆಗೆದುಕೊಳ್ಳುತ್ತಾರೆ. ಗೇಟ್‌ನಲ್ಲಿ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್ ಪತ್ರಿಕೆ 2021ರಿಂದ ಶುರುವಾಗಿದೆ. ನೆಟ್‌ನಲ್ಲಿ ಗೆದ್ದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಭತ್ಯೆ ಬೇರೆ. 2023ರಿಂದ ಇರುವ ದರ ಇದು. ಓದುತ್ತಲೇ ಮನೆಗೆ ಒಂದಿಷ್ಟು ಕಳಿಸಬಹುದು ಎಂದು ಅಪ್ಪ ಅವ್ವಗೆ ಬಿಡಿಸಿ ಹೇಳಿ, ಅವರ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಎಲ್ಲಿ ಎಂಬ ಪ್ರಶ್ನೆಗೆ ಬೆಂಗಳೂರಿನ ಐಐಎಸ್‌ಸಿಯ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದ ಬಾಹ್ಯಾಕಾಶ ಭೌತ ಪ್ರಯೋಗಾಲಯ, ತಿರುಪತಿ ಹತ್ತಿರದ ಗಾದಂಕಿಯ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ, ನಾಗ್ಪುರದ ನೀರಿ (ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಎಂದು ಪಟ್ಟಿ ಮುಂದುವರಿಯುತ್ತದೆ. ನಮಗೆ ಮಗ್ಗುಲಲ್ಲೇ ಇರುವುದನ್ನು ಮರೆಯಬೇಡಿ. ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗ ವರ್ಷಗಳಿಂದ ತೇಲುಕಣಗಳನ್ನು, ಮಸಿಯನ್ನು ಅಳೆಯುತ್ತ ಬಂದಿದೆ. ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ನೋಡಿ ಬರುವಷ್ಟು ದೂರ. ಚಳ್ಳಕೆರೆಯಲ್ಲಿ ಐಐಎಸ್‌ಸಿಯ ಎರಡನೆಯ ಆವರಣವಿದೆ.

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ ಆರಿಸಿ. ಅವರ ಈಚಿನ ಎರಡು ಪ್ರಬಂಧ ಓದಿ, ಅರ್ಥವಾಗದ ಒಂದು ಅಂಶದ ಬಗ್ಗೆ ಪ್ರಶ್ನೆ ಕೇಳುವ ಪುಟ್ಟ ಇಮೇಲ್ ಬರೆಯಿರಿ. ಅವರ ಬಳಿ ಈಗಿರುವ ವಿದ್ಯಾರ್ಥಿಗಳೊಂದಿಗೆ ಮಾತಾಡಿ, ಎಷ್ಟು ವರ್ಷಕ್ಕೆ ಮುಗಿಸುತ್ತಾರೆ ಎಂದು ಕೇಳಿ. ಸಂಕೋಚ ಬೇಡ.

ವಿಷಯವನ್ನಂತೂ ನಮ್ಮ ನೆಲದಿಂದಲೇ ತೆಗೆದುಕೊಂಡು ಹೋಗಿ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಕರ್ನಾಟಕದಿಂದ ಅದರಲ್ಲಿ ಇರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಮ್ಮ ಮೂರರಲ್ಲಿ ಒಂದೂ ಇಲ್ಲ. ಕಲ್ಲಿದ್ದಲ ಸ್ಥಾವರಗಳ ಸಲ್ಫರ್ ಡೈಆಕ್ಸೈಡಿಗೆ 2015ರ ಡಿಸೆಂಬರಿನಲ್ಲಿ ಮಿತಿ ಬಂತು. 2025ರ ಜುಲೈಯಲ್ಲಿ ಹೆಚ್ಚಿನ ಸ್ಥಾವರಗಳಿಗೆ ಆ ಅನಿಲ ತೆಗೆಯುವ ಘಟಕ ಬೇಡವೆಂದು ಸಡಿಲಿಸಿದರು. ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ತೇಲುತ್ತ ಸಲ್ಫೇಟ್ ಕಣವಾಗಿ, ಚಿಮಣಿಯಿಂದ ಬಹುದೂರದ ಊರುಗಳಲ್ಲಿ ಪಿಎಂ 2.5 ಆಗುತ್ತದೆ. ರಾಯಚೂರಿನ ಗಾಳಿಯ ಸಣ್ಣ ಕಣಗಳಲ್ಲಿ ಈ ಸಲ್ಫೇಟಿನ ಪಾಲೆಷ್ಟು, ಹುಲ್ಲು ಸುಟ್ಟದ್ದರ ಪಾಲೆಷ್ಟು, ರಸ್ತೆ ಧೂಳಿನದೆಷ್ಟು ಎಂದು ರಾಸಾಯನಿಕ ಗುರುತುಗಳಿಂದ ಬಿಡಿಸುವ ವಿಧಾನಕ್ಕೆ ಮೂಲ ಹಂಚಿಕೆ ಅಧ್ಯಯನ ಎನ್ನುತ್ತಾರೆ. ಪೊಟ್ಯಾಸಿಯಂ ಹೆಚ್ಚಿದ್ದರೆ ಹುಲ್ಲು, ಕಟ್ಟಿಗೆಯ ಹೊಗೆ. ಕಬ್ಬಿಣ ಹೆಚ್ಚಿದ್ದರೆ ಅದಿರು ಅಥವಾ ಉಕ್ಕಿನ ಕೆಲಸ. ಅಲ್ಯೂಮಿನಿಯಂ, ಸಿಲಿಕಾನ್ ಮಣ್ಣಿನವು, ಹಾರುಬೂದಿಯಲ್ಲೂ ಇರುತ್ತವೆ. ಮಣ್ಣಿನ ಧೂಳನ್ನೂ ಹಾರುಬೂದಿಯನ್ನೂ ಬೇರ್ಪಡಿಸುವುದೇ ನಮ್ಮ ಕಡೆಯ ಕಷ್ಟದ, ರುಚಿಯಾದ ಸಮಸ್ಯೆ.

ಆರನೆಯದು: ನೌಕರಿ

ಪಿಎಚ್‌ಡಿ ಆದ ಮೇಲೆ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯದ ಹುದ್ದೆಗಳಿವೆ. ಅವು ಕಡಿಮೆ, ನಡುವೆ ಕೆಲವು ವರ್ಷ ಪೋಸ್ಟ್‌ಡಾಕ್ ಆಗಿ ತಾತ್ಕಾಲಿಕ ಸಂಬಳದಲ್ಲಿ ಇರಬೇಕಾಗುತ್ತದೆ. ಮನೆಯ ಜವಾಬ್ದಾರಿ ಇದ್ದವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಂ.ಎಸ್ಸಿ, ಎಂ.ಟೆಕ್ ಮಟ್ಟದಲ್ಲೇ ನಿಲ್ಲುವವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗಳ ಪರಿಸರ ಅಧಿಕಾರಿ, ವೈಜ್ಞಾನಿಕ ಅಧಿಕಾರಿ ಹುದ್ದೆಗಳು, ಹವಾಮಾನ ಇಲಾಖೆ, ಉಕ್ಕು ಮತ್ತು ವಿದ್ಯುತ್ ಕಾರ್ಖಾನೆಗಳ ಪರಿಸರ ವಿಭಾಗಗಳು, ಖಾಸಗಿ ಪರೀಕ್ಷಾ ಪ್ರಯೋಗಾಲಯಗಳು ಇವೆ. ಬಳ್ಳಾರಿ, ಕೊಪ್ಪಳದಲ್ಲೇ ಇದ್ದು ಮಾಡಬಹುದಾದ ಕೆಲಸಗಳು ಹೆಚ್ಚಾಗಿ ಇವೇ.

ಪರಿಸರ ಪರಿಣಾಮ ವರದಿ ತಯಾರಿಸುವ ಸಲಹಾ ಸಂಸ್ಥೆಗಳಲ್ಲೂ ಕೆಲಸ ಸಿಗುತ್ತದೆ. ಅಲ್ಲಿ ವರದಿಗೆ ದುಡ್ಡು ಕೊಡುವವರು ಯೋಜನೆ ಮಾಡುವವರೇ. ನಿಮ್ಮ ಅಂಕಿ ಅವರಿಗೆ ಹಿಡಿಸದ ದಿನ ಬರಬಹುದು. ಸೇರಿದ ಮೊದಲ ದಿನದಿಂದಲೇ ಕ್ಷೇತ್ರದ ದಾಖಲೆ ಪುಸ್ತಕವನ್ನು ಕೈಬರಹದಲ್ಲಿ ಇಡಿ. ಯಂತ್ರವನ್ನು ಎಲ್ಲಿ ಇಟ್ಟಿರಿ, ಗಾಳಿ ಎತ್ತಲಿಂದ ಬೀಸುತ್ತಿತ್ತು, ಅಂದು ಕಾರ್ಖಾನೆ ನಡೆಯುತ್ತಿತ್ತೇ ನಿಂತಿತ್ತೇ, ಹಿಂದಿನ ದಿನ ಮಳೆ ಬಂದಿತ್ತೇ ಎಂದು ದಿನಾಂಕ ಹಾಕಿ ಬರೆದು, ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ವಿಚಾರಣೆಯಲ್ಲಿ ಯಾರಾದರೂ ಅಂಕಿಯನ್ನು ಪ್ರಶ್ನಿಸಿದರೆ ಮೊದಲು ಕೇಳುವುದು ಆ ಪುಸ್ತಕವನ್ನೇ.